ಮೂರು ಸಲ ತೊಳೆದ ಕಂಪ್ಯೂಟರ್

ಐದು ಜನರ ಮನೆ. ಐದು ಜನಕ್ಕೂ ಸೇರಿ ಒಂದೇ ಕಂಪ್ಯೂಟರ್. ಅಡುಗೆಮನೆಯ ಬಾಗಿಲ ಪಕ್ಕದ ಗೋಡೆಗೆ ಒರಗಿಸಿದ ಹಳೆಯ ಮರದ ಮೇಜಿನ ಮೇಲೆ ಅದು ಕೂತಿತ್ತು. ಬೆಳಗ್ಗೆ ಒಂಬತ್ತರಿಂದ ಮೂರರವರೆಗೆ ಸೊಸೆಯದು. ಮೂರರಿಂದ ಐದು ಮಾವನದು. ಆಮೇಲೆ ಶಾಲೆಯಿಂದ ಬಂದ ಮೊಮ್ಮಗಳದು. ಸೊಸೆಯ ಗಂಡ ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ಕೆಲಸಕ್ಕಿದ್ದ. ಮುಂದಿನ ವಾರ ತನಗೆ ಯಾವ ಪಾಳಿ ಎಂದು ನೋಡಿಕೊಳ್ಳಲು ಅವನಿಗೆ ಐದು ನಿಮಿಷ ಸಾಕು. ಅತ್ತೆ ಅದನ್ನು ಮುಟ್ಟುತ್ತಿದ್ದುದು ಧೂಳು ಒರೆಸುವಾಗ ಮಾತ್ರ. ಆದರೂ ಪಾಸ್‌ವರ್ಡ್ ಐದು ಜನಕ್ಕೂ ಒಂದೇ, ಮತ್ತು ಅದು ಐದು ಜನಕ್ಕೂ ಬಾಯಿಪಾಠ. ದೇವರು ಒಂದೇ ಸೂರಿನ ಕೆಳಗೆ ತಂದು ಕೂರಿಸಿದವರ ನಡುವೆ ಬೀಗ ಯಾಕೆ ಎನ್ನುವುದು ಅತ್ತೆಯ ಮಾತು. ಆ ಮನೆಯಲ್ಲಿ ಬಟ್ಟೆಯ ಕಪಾಟಿಗೂ ಬೀಗವಿರಲಿಲ್ಲ.

ಸೊಸೆಯ ಕೆಲಸ ಡಾಕ್ಟರುಗಳ ಮಾತನ್ನು ಬರಹಕ್ಕಿಳಿಸುವುದು. ದೊಡ್ಡ ಆಸ್ಪತ್ರೆಯೊಂದರ ಡಾಕ್ಟರುಗಳು ರೋಗಿಯನ್ನು ನೋಡಿದ ಮೇಲೆ ಕಂಡದ್ದನ್ನೆಲ್ಲ ಬಾಯಲ್ಲಿ ಹೇಳಿ ಧ್ವನಿ ಮುದ್ರಿಸಿ ಕಳಿಸುತ್ತಿದ್ದರು. ಇವಳು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಕೇಳಿ, ಟೈಪ್ ಮಾಡಿ ವಾಪಸ್ ಕಳಿಸಬೇಕು. ಮೇಜಿನ ಕೆಳಗೆ ಕಾಲಿನ ಹತ್ತಿರ ಒಂದು ಪೆಡಲ್. ಒತ್ತಿದರೆ ಮಾತು ಓಡುತ್ತದೆ, ಕಾಲೆತ್ತಿದರೆ ನಿಲ್ಲುತ್ತದೆ, ಹಿಮ್ಮಡಿಯಿಂದ ಒತ್ತಿದರೆ ಹಿಂದಕ್ಕೆ ಹೋಗುತ್ತದೆ. ಒಂಬತ್ತು ವರ್ಷದಿಂದ ಈ ಕೆಲಸ. ಒಂದು ಸೊನ್ನೆ ಹೆಚ್ಚಾದರೆ ಯಾರದೋ ಔಷಧಿ ಹತ್ತುಪಟ್ಟಾಗುತ್ತದೆ ಎಂಬ ಭಯದಲ್ಲಿ ಮಾಡಿದ ಕೆಲಸ. ಹಾಗಾಗಿ ಅವಳು ಮನೆಯವರ ತಪ್ಪನ್ನೂ ಬೇಗ ಹಿಡಿಯುತ್ತಿದ್ದಳು.

ಒಂದು ಸೋಮವಾರ ಬೆಳಗ್ಗೆ ಹೆಡ್‌ಫೋನ್ ಕೈಗೆತ್ತಿಕೊಳ್ಳುವ ಮೊದಲೇ ಆಸ್ಪತ್ರೆಯ ಮೇಲ್ವಿಚಾರಕಿಯ ಫೋನು.

"ಬೆಳಗಿನ ಜಾವ ನಾಲ್ಕು ಗಂಟೆಗೆ ನಿಮ್ಮ ಖಾತೆಯಿಂದ ನಲವತ್ತು ಡಾಕ್ಟರುಗಳಿಗೆ ಪತ್ರ ಹೋಗಿದೆ. 'ಈ ಬಿಲ್ ತೆರೆದು ನೋಡಿ' ಅಂತ. ಇಬ್ಬರು ತೆರೆದೂ ಬಿಟ್ಟಿದಾರೆ."

"ನಾಲ್ಕು ಗಂಟೆಗೆ ನಾನು ಮಲಗಿದ್ದೆ ಮೇಡಂ."

"ನೀವು ಮಲಗಿದ್ರಿ. ನಿಮ್ಮ ಕಂಪ್ಯೂಟರ್ ಮಲಗಿರಲಿಲ್ಲ."

ಖಾತೆ ಮುಚ್ಚಲಾಗಿತ್ತು. ಕೊಟ್ಟ ಗಡುವು ಮೂವತ್ತು ದಿನ. ಅಷ್ಟರೊಳಗೆ ಎರಡು ಕಾಗದ ತರಬೇಕು. ಒಂದು, ಕಂಪ್ಯೂಟರ್ ಶುದ್ಧವಾಗಿದೆ, ಹತ್ತು ದಿನ ಶುದ್ಧವಾಗಿಯೇ ಉಳಿದಿದೆ ಎಂದು ರಿಪೇರಿಯವರು ಬರೆದದ್ದು. ಇನ್ನೊಂದು, ಅದು ಹೇಗೆ ಬಂತು ಎಂದು ಇವಳೇ ಬರೆದು ಸಹಿ ಮಾಡಿದ್ದು.

"ಹೇಗೆ ಬಂತು ಅಂತ ಗೊತ್ತಾಗದೆ ಮತ್ತೆ ಒಳಗೆ ಬಿಡೋಕಾಗಲ್ಲ. ತಪ್ಪಿದ್ರೆ ನಿಮ್ಮ ಜಾಗಕ್ಕೆ ಬೇರೆಯವರು ಬರ್ತಾರೆ. ಬೇಜಾರು ಮಾಡ್ಕೋಬೇಡಿ, ನಿಯಮ."

ಫೋನಿಟ್ಟು ಮನೆಯ ಮೇಲ್ ತೆರೆಯಲು ನೋಡಿದಳು. ಐದು ಜನಕ್ಕೂ ಬಾಯಿಪಾಠವಾಗಿದ್ದ ಪಾಸ್‌ವರ್ಡ್ ಅದಕ್ಕೆ ಮರೆತುಹೋಗಿತ್ತು. ಯಾರೋ ಬದಲಾಯಿಸಿದ್ದರು. ಗಂಡನ ಪಾಳಿ ಪಟ್ಟಿ, ಮಾವನ ಪಿಂಚಣಿಯ ಪತ್ರಗಳು, ಮಗಳ ಪಾಠ, ಹನ್ನೊಂದು ವರ್ಷದ ಫೋಟೋಗಳು, ಎಲ್ಲ ಒಳಗೆ, ಮನೆಯವರು ಹೊರಗೆ.

ಆ ಮಧ್ಯಾಹ್ನ ಅನ್ನದ ಪಾತ್ರೆ ಮೇಜಿನ ಮಧ್ಯೆ ಇಟ್ಟು ಅವಳು ನಿಂತೇ ಕೇಳಿದಳು.

"ಯಾರು ಏನು ಒತ್ತಿದ್ರಿ?"

"ನಾನು ಪಾಳಿ ನೋಡಿದೆ, ಅಷ್ಟೇ," ಎಂದ ಗಂಡ. "ಕೂತ್ಕೋ. ಎಂಟು ಗಂಟೆ ಪಂಪಿನ ಸದ್ದು ಕೇಳಿ ಬಂದಿದೀನಿ, ಈಗ ನಿನ್ನ ಸದ್ದು ಬೇಡ."

"ನಾನು ಒರೆಸಿದೆ," ಎಂದರು ಅತ್ತೆ. "ಒಣ ಬಟ್ಟೇಲೇ ಒರೆಸಿದ್ದು."

ಉಳಿದವರು ಮಾವ. ಹಿಂದೆ ಬಸ್ ಓಡಿಸುತ್ತಿದ್ದ ಮನುಷ್ಯ, ಮಾತು ಕಡಿಮೆ. ದಿನಾ ಮೂರರಿಂದ ಐದರವರೆಗೆ ಎಲ್ಲೆಲ್ಲಿಯೋ ಇರುವ ಮುಖ ಕಾಣದ ಜನರ ಜೊತೆ ಚದುರಂಗ ಆಡುತ್ತಿದ್ದರು.

"ಮಾವ, ನಿಮ್ಮ ಆ ಆಟದ ಪುಟದಲ್ಲಿ ಸುತ್ತಲೂ ಜಾಹೀರಾತು ಕುಣೀತಿರುತ್ತೆ. ನಾನೇ ನೋಡಿದೀನಿ."

"ಕುಣೀತವೆ. ನಾನು ಯಾವತ್ತೂ ಅವುಗಳ ಜೊತೆ ಕುಣಿದಿಲ್ಲಮ್ಮ."

"ಗೊತ್ತಿಲ್ದೆ ಕೈ ತಗುಲಿರಬಹುದು."

"ಅಮ್ಮ, ಸಾಕ್ಷಿ ಇಲ್ದೆ ಆರೋಪ ಹೊರಿಸ್ಬಾರ್ದು," ಎಂದಳು ಮಗಳು. ಹದಿನಾಲ್ಕು ವರ್ಷದ ಅವಳನ್ನು ತಾತ ವಕೀಲಮ್ಮ ಎಂದೇ ಕರೆಯುತ್ತಿದ್ದರು.

"ನೀನು ಬಾಯಿ ಮುಚ್ಚಿ ಊಟ ಮಾಡು."

"ಬಾಯಿ ಮುಚ್ಚಿ ಹೇಗಮ್ಮ ಊಟ ಮಾಡೋದು?"

ಯಾರೂ ನಗಲಿಲ್ಲ. ಅಂದಿನಿಂದ ಮಾವನ ಮೂರರಿಂದ ಐದು ನಿಂತುಹೋಯಿತು. ನಿಲ್ಲಿಸಿ ಎಂದು ಯಾರೂ ಹೇಳಿರಲಿಲ್ಲ. ಕುರ್ಚಿಯ ಮೇಲೆ ಸೊಸೆ ಮಡಚಿದ ಬಟ್ಟೆ ಇಟ್ಟಿದ್ದಳು, ಅವರು ಅದನ್ನು ಎತ್ತಿಡಲಿಲ್ಲ.

ರಿಪೇರಿ ಅಂಗಡಿ ಬೀದಿಯ ಕೊನೆಯಲ್ಲಿ, ಚಪ್ಪಲಿ ಅಂಗಡಿಯ ಮೆಟ್ಟಿಲ ಕೆಳಗೆ. ಅಲ್ಲಿ ಒಬ್ಬ ಹೆಂಗಸು ಹಣೆಗೆ ಭೂತಗನ್ನಡಿ ಕಟ್ಟಿಕೊಂಡು ಕೂರುತ್ತಿದ್ದಳು. ಬಿಚ್ಚಿದ ಸ್ಕ್ರೂಗಳನ್ನು ಬಾಟಲಿ ಮುಚ್ಚಳಗಳಲ್ಲಿ ಹಾಕಿಡುತ್ತಿದ್ದಳು. ಸೊಸೆ ನಡೆದದ್ದೆಲ್ಲ ಹೇಳಿ, ತಾನು ನಿನ್ನೆ ಸಂಜೆಯೇ ಕೂತು ಬ್ಯಾಂಕು, ಶಾಲೆ, ಎಲ್ಲದರ ಪಾಸ್‌ವರ್ಡ್ ಬದಲಾಯಿಸಿದ್ದೇನೆ ಎಂದಳು.

"ಯಾವುದರಿಂದ ಬದಲಾಯಿಸಿದ್ರಿ?"

"ಇದರಿಂದಲೇ."

ರಿಪೇರಿಯವಳು ಹಣೆಯ ಗಾಜು ಮೇಲಕ್ಕೆ ಸರಿಸಿದಳು. "ಕಳ್ಳ ಮನೆ ಒಳಗೇ ಕೂತಿದಾನೆ. ನೀವು ಹೊಸ ಕೀಲಿ ಮಾಡಿಸಿ ಒಂದೊಂದಾಗಿ ಅವನ ಕೈಗೇ ಕೊಟ್ಟು ಬಂದಿದೀರಿ. ಈಗಲೇ ನಿಮ್ಮ ಫೋನಿಂದ ಎಲ್ಲ ಮತ್ತೆ ಬದಲಾಯಿಸಿ. ಒಬ್ಬೊಬ್ಬರಿಗೆ ಒಂದೊಂದು. ಬ್ಯಾಂಕಿಗೆ ಇವತ್ತೇ ಯಾರನ್ನಾದ್ರೂ ಕಳಿಸಿ. ಇದನ್ನ ಇಲ್ಲಿ ಬಿಟ್ಟು ಹೋಗಿ, ತೊಳೆದು ಕೊಡ್ತೀನಿ."

ಅವಳ ಬಾಯಲ್ಲಿ ತೊಳೆಯುವುದು ಎಂದರೆ ಒಳಗಿದ್ದದ್ದೆಲ್ಲ ಅಳಿಸಿ, ಎಲ್ಲವನ್ನೂ ಹೊಸದಾಗಿ ಹಾಕಿ, ಬರೀ ಬರಹ ಮತ್ತು ಫೋಟೋಗಳನ್ನು ಪರೀಕ್ಷಿಸಿ ವಾಪಸ್ ಇಡುವುದು. ನಾಲ್ಕು ದಿನ ಹಿಡಿಯಿತು. ಗಂಡ ನಿದ್ದೆಗೆಟ್ಟು ಬ್ಯಾಂಕಿನ ಸಾಲಿನಲ್ಲಿ ನಿಂತು ಬಂದ. ಸೊಸೆ ಐದು ಚೀಟಿಗಳಲ್ಲಿ ಐದು ಪಾಸ್‌ವರ್ಡ್ ಬರೆದು ಹಂಚಿದಳು.

"ನನಗ್ಯಾಕಮ್ಮ ಇದು?" ಎಂದರು ಅತ್ತೆ.

"ಇರಲಿ ಅತ್ತೆ. ಯಾರಿಗೂ ಹೇಳ್ಬೇಡಿ."

"ಯಾರಿಗೂ ಅಂದ್ರೆ? ಇವರಿಗೂ ಹೇಳಬಾರದಾ? ಐವತ್ತು ವರ್ಷದಲ್ಲಿ ಇವರಿಗೆ ಹೇಳದೆ ಇದ್ದಿದ್ದು ಯಾವುದೂ ಇಲ್ಲ ನನ್ನ ಹತ್ರ."

ಮನೆಯ ಮೇಲ್ ಮಾತ್ರ ಜಪ್ಪಯ್ಯ ಎಂದರೂ ಬಾಗಿಲು ತೆರೆಯಲಿಲ್ಲ. ನೀವೇ ಎಂದು ಖಾತ್ರಿ ಮಾಡಿಕೊಳ್ಳಲು ಒಂದು ಕೋಡ್ ಕಳಿಸುತ್ತೇವೆ ಎಂದಿತು; ಕಳಿಸುತ್ತಿದ್ದುದು ಗಂಡನ ಹಳೆಯ ನಂಬರಿಗೆ. ನಾಲ್ಕು ವರ್ಷದ ಹಿಂದೆ ಅವನು ಬಿಟ್ಟುಕೊಟ್ಟ ಆ ನಂಬರು ಈಗ ಯಾರದೋ ಆಗಿತ್ತು. ಸೊಸೆ ಆ ನಂಬರಿಗೇ ಫೋನು ಮಾಡಿ, ಈಗ ನಿಮಗೊಂದು ಕೋಡ್ ಬರುತ್ತದೆ, ದಯವಿಟ್ಟು ಹೇಳಿ ಎಂದಳು.

"ಇಡ್ರೀ ಫೋನು! ನಿಮ್ಮಂಥೋರ ಬಗ್ಗೆ ರೇಡಿಯೋದಲ್ಲಿ ದಿನಾ ಬೆಳಗ್ಗೆ ಹೇಳ್ತಾರೆ!"

ಎರಡನೆಯ ಸಲ ಮಾಡಿದಾಗ ಬೈಗುಳ ಇನ್ನೂ ಉದ್ದವಾಯಿತು. ಸೊಸೆ ತಲೆ ಹಿಡಿದುಕೊಂಡು ಕೂತಳು. ಹುರುಳಿಕಾಯಿ ಬಿಡಿಸುತ್ತಿದ್ದ ಅತ್ತೆ ಕೈ ಒರೆಸಿಕೊಂಡು, ಕೊಡು ಇಲ್ಲಿ ಎಂದು ಫೋನು ತೆಗೆದುಕೊಂಡರು.

"ಅಪ್ಪಾ, ನಮಗೆ ಕೋಡೂ ಬೇಡ ಏನೂ ಬೇಡ. ಹಿಂದೆ ಕತ್ತರಿ ಸದ್ದು ಕೇಳಿಸ್ತಿದೆಯಲ್ಲ, ಕ್ಷೌರದಂಗಡಿಯಾ? ಅಂಗಡಿ ಎಲ್ಲಿ ಅಂತ ಹೇಳು. ಮುದುಕ ಮುದುಕಿ ಇಬ್ಬರು ಬರ್ತೀವಿ. ಕಣ್ಣಲ್ಲಿ ನೋಡಿ ಆಮೇಲೆ ಕಳ್ಳರೋ ಅಲ್ವೋ ತೀರ್ಮಾನ ಮಾಡು."

ಅತ್ತ ಕಡೆ ಸ್ವಲ್ಪ ಹೊತ್ತು ಬರೀ ಕತ್ತರಿಯ ಸದ್ದು. ಆಮೇಲೆ ವಿಳಾಸ ಬಂತು.

ಮಾರನೆಯ ದಿನ ಮಾವ, ಅತ್ತೆ ಎರಡು ಬಸ್ಸು ಬದಲಾಯಿಸಿ ಹೋದರು. ಮಾವ ಸುಮ್ಮನೆ ಕೂರುವುದು ಸರಿಯಲ್ಲವೆಂದು ಗಡ್ಡ ಮಾಡಿಸಿಕೊಳ್ಳಲು ಕುರ್ಚಿ ಹತ್ತಿದರು. ಮನೆಯಲ್ಲಿ ಸೊಸೆ ಗುಂಡಿ ಒತ್ತಿದಳು; ಅಂಗಡಿಯಲ್ಲಿ ಮಾವನ ಅರ್ಧ ಮುಖಕ್ಕೆ ನೊರೆ ಇರುವಾಗ ಕೋಡ್ ಬಂತು. ಕ್ಷೌರಿಕ ಫೋನನ್ನು ಕಣ್ಣಿಂದ ದೂರ ಹಿಡಿದು ಓದಿದ, ಅತ್ತೆ ಅದನ್ನು ಫೋನಿನಲ್ಲಿ ಮನೆಗೆ ಕೂಗಿ ಹೇಳಿದರು.

"ನಿಮ್ಮ ಮಗ ಪಂಪ್‌ಹೌಸಲ್ಲಿದಾರಾ?" ಕ್ಷೌರಿಕ ಕತ್ತಿ ಒರೆಸುತ್ತ ಕೇಳಿದ. "ನಾಲ್ಕು ವರ್ಷದಿಂದ ಯಾರ್ಯಾರೋ ಫೋನ್ ಮಾಡಿ ಪಂಪ್ ನಿಲ್ಲಿಸಿ, ಟ್ಯಾಂಕ್ ತುಂಬಿ ಹರೀತಿದೆ ಅಂತಾರೆ. ಯಾವ ಪಂಪು ಅಂತ ನನಗೆ ಇವತ್ತು ಗೊತ್ತಾಯ್ತು ನೋಡಿ."

ಇಬ್ಬರೂ ಬಸವಳಿದು ಮನೆಗೆ ಬರುವ ಹೊತ್ತಿಗೆ ಮೇಲ್ ತೆರೆದಿತ್ತು, ಫೋಟೋಗಳೆಲ್ಲ ಇದ್ದವು.

"ನಿಮ್ಮ ಮಾವ ಹೋಗಿ ತಂದದ್ದು," ಎಂದರು ಅತ್ತೆ ಚಪ್ಪಲಿ ಬಿಡುತ್ತ.

"ಕಳೆದದ್ದು ಯಾರು ಅಂತ ಇನ್ನೂ ಗೊತ್ತಾಗಿಲ್ಲವಲ್ಲ ಅತ್ತೆ," ಎಂದಳು ಸೊಸೆ. ಮಾವ ಕೈಕಾಲು ತೊಳೆಯಲು ಹಿತ್ತಲಿಗೆ ಹೋದರು.

ತೊಳೆದು ಬಂದ ಕಂಪ್ಯೂಟರಿನೊಳಗೆ ರಿಪೇರಿಯವಳು ಕಾವಲಿಗೆ ಒಂದು ಪ್ರೋಗ್ರಾಂ ಕೂರಿಸಿದ್ದಳು. ಏನಾದರೂ ನುಸುಳಿದರೆ ಪರದೆಯ ಮೂಲೆಯಲ್ಲಿ ಕೆಂಪಗಾಗುತ್ತದೆ. ಆಸ್ಪತ್ರೆಯ ಕೆಲಸವಿಲ್ಲದ ದಿನಗಳಲ್ಲಿ ಕೈ ಖಾಲಿ ಬಿಡಬಾರದೆಂದು ಸೊಸೆ ಒಬ್ಬ ಅಧ್ಯಾಪಕರ ಪಾಠಗಳನ್ನು ಟೈಪ್ ಮಾಡಿಕೊಡಲು ಒಪ್ಪಿದಳು. ಪೆಡಲ್ ಜೋಡಿಸಿದಳು, ಕೂತಳು. ಮೂರನೆಯ ದಿನ ಮೂಲೆ ಕೆಂಪಗಾಯಿತು.

ಅದರ ಹಿಂದಿನ ದಿನ ಮಾವ ಪಿಂಚಣಿಯ ಪತ್ರ ಬಂದಿದೆಯಾ ಎಂದು ನೋಡಲು ಹತ್ತು ನಿಮಿಷ ಕೂತಿದ್ದರು.

"ಹತ್ತೇ ನಿಮಿಷ!" ಸೊಸೆಯ ಕೈಯಲ್ಲಿ ಲಟ್ಟಣಿಗೆ ಇತ್ತು, ಅದನ್ನು ಕೆಳಗಿಡುವುದು ಮರೆತಿದ್ದಳು. "ಹತ್ತು ನಿಮಿಷಕ್ಕೆ ಇಡೀ ವಾರದ ಕೆಲಸ ನೀರಲ್ಲಿ ಹೋಯ್ತು. ಮಾವ, ನಾನು ನಿಮ್ಮ ಕಾಲಿಗೆ ಬೀಳ್ತೀನಿ, ಅದರ ಹತ್ರ ಹೋಗ್ಬೇಡಿ."

"ಬರೀ ಪತ್ರ ಓದಿದೆನಮ್ಮ."

"ಅವರು ಓದಿದ್ದು ನಾನು ನೋಡಿದೆ," ಎಂದರು ಅತ್ತೆ. "ಪಕ್ಕದಲ್ಲೇ ನಿಂತಿದ್ದೆ."

"ನಿಮಗೆ ಅಲ್ಲಿ ಏನು ತಿಳಿಯುತ್ತೆ ಅತ್ತೆ?"

"ಕಂಪ್ಯೂಟರ್ ತಿಳಿಯಲ್ಲ. ಈ ಮನುಷ್ಯ ತಿಳೀತಾರೆ."

ಗಂಡ ಬಾಯಲ್ಲಿ ತುತ್ತು ಇಟ್ಟುಕೊಂಡೇ ಎದ್ದು ಬಾಗಿಲು ಮುಚ್ಚಿ ಬಂದ, ಬೀದಿಗೆ ಕೇಳಬಾರದೆಂದು.

ಆ ಸಂಜೆ ಸೊಸೆ ಮೇಲ್ವಿಚಾರಕಿಗೆ ಫೋನು ಮಾಡಿ, ಕಾರಣ ಸಿಕ್ಕಿತು, ನಮ್ಮ ಮಾವನ ಆಟದಿಂದ ಬಂದದ್ದು ಎಂದಳು. ಮೇಲ್ವಿಚಾರಕಿಯ ದನಿ ಹಗುರಾಯಿತು.

"ಮನೆಯವರು ಮಾಡಿದ್ದಾದ್ರೆ ಸುಲಭ. ಬೇರೆ ಕೋಣೆಯಲ್ಲಿಟ್ಟು ಬೀಗ ಹಾಕಿ, ಹಾಗಂತ ಬರೆದು ಕೊಡಿ. ಸಾಕು. ಕೆಲಸದವರೇ ನಮಗೆ ಹೇಳದೆ ಹೊರಗಿನ ಪ್ರೋಗ್ರಾಂ ಏನಾದ್ರೂ ಹಾಕಿಕೊಂಡಿದ್ರೆ ಮಾತ್ರ ಕಷ್ಟ. ಅದಕ್ಕೆ ನಿಯಮವೇ ಬೇರೆ."

ಕಂಪ್ಯೂಟರ್ ಎರಡನೆಯ ಸಲ ತೊಳೆಯಲು ಹೋಯಿತು. ಅದು ವಾಪಸ್ ಬರುವಷ್ಟರಲ್ಲಿ ಗಂಡ ಮಲಗುವ ಕೋಣೆಯ ಬಾಗಿಲಿಗೆ ಚಿಲಕ ಜಡಿದು ಬೀಗ ತಂದ. ಮೊಳೆ ಹೊಡೆಯುವ ಸದ್ದಿಗೆ ಅತ್ತೆ ದೇವರ ಮುಂದೆ ಕೂತವರು ಎದ್ದು ಬಂದು ನೋಡಿದರು.

"ನಿನ್ನ ಕೋಣೆಗೆ ನೀನೇ ಬೀಗ ಹಾಕ್ತಿದೀಯ. ನಿದ್ದೆ ಬಂದ್ರೆ ಯಾರನ್ನ ಕೇಳ್ತೀಯಪ್ಪ?"

"ಅವಳನ್ನ," ಎಂದ ಮಗ.

ಹಾಗೆಯೇ ಆಯಿತು. ರಾತ್ರಿ ಪಾಳಿ ಮುಗಿಸಿ ಬಂದವನು ಬೆಳಗ್ಗೆ ಮಲಗಬೇಕು; ಅದೇ ಹೊತ್ತಿಗೆ ಹೆಂಡತಿ ಅದೇ ಕೋಣೆಯಲ್ಲಿ ಟೈಪ್ ಮಾಡಬೇಕು. ಅವನು ದಿಂಬು ತೆಗೆದುಕೊಂಡು ನಡುಮನೆಗೆ ಬಂದ. ನಡುಮನೆಯಲ್ಲಿ ಅವನು ಮಲಗಿದ್ದರೆ ಅತ್ತೆ ಪಾತ್ರೆ ಸದ್ದು ಮಾಡುವ ಹಾಗಿಲ್ಲ. ಮಾವ ತಿಂಡಿಯಾದ ಮೇಲೆ ಹೊರಟು ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ಊಟದ ಹೊತ್ತಿಗೆ ಬರುತ್ತಿದ್ದರು. ವಕೀಲಮ್ಮ ಪಾಠ ಬರೆಯಲು ಗೆಳತಿಯ ಮನೆಗೆ ಹೋಗುತ್ತಿದ್ದಳು. ಎಲ್ಲರೂ ಸಣ್ಣ ದನಿಯಲ್ಲಿ ಮಾತಾಡುವುದು ರೂಢಿ ಮಾಡಿಕೊಂಡರು. ಮಾತೇ ಕಡಿಮೆಯಾಯಿತು.

ಗಡುವಿನ ಹದಿನೇಳನೆಯ ದಿನ, ಬೀಗ ಹಾಕಿದ ಕೋಣೆಯಲ್ಲಿ, ಮೂಲೆ ಮತ್ತೆ ಕೆಂಪಗಾಯಿತು.

ಸೊಸೆ ಎದ್ದು ಕೋಣೆಗೆ ಬೀಗ ಹಾಕಿ ಬಂದಳು. ಮಧ್ಯಾಹ್ನ ಎಲ್ಲರಿಗೂ ಬಡಿಸಿದಳು. ತಾನೂ ಕೂತು, ತಟ್ಟೆ ನೋಡುತ್ತ ಕೇಳಿದಳು.

"ಕೋಣೆ ಕೀಲಿ ಯಾರಾದ್ರೂ ತಗೊಂಡಿದ್ರಾ?"

"ಕೀಲಿ ನಿನ್ನ ಕೊರಳಲ್ಲೇ ಇರುತ್ತಲ್ಲಮ್ಮ," ಎಂದಳು ಮಗಳು.

"ಸ್ನಾನಕ್ಕೆ ಹೋಗುವಾಗ ತೆಗೆದಿಡ್ತೀನಿ."

ಅವಳು ಯಾರ ಕಡೆಗೂ ನೋಡಿರಲಿಲ್ಲ. ಆದರೂ ಮಾವ ತಟ್ಟೆಯಲ್ಲಿ ಅರ್ಧ ಅನ್ನ ಬಿಟ್ಟು ಎದ್ದರು. ಬಸ್ ಓಡಿಸುತ್ತಿದ್ದ ದಿನಗಳಲ್ಲೂ, ಜ್ವರದಲ್ಲೂ, ಅವರು ಅನ್ನ ಬಿಟ್ಟು ಎದ್ದವರಲ್ಲ.

"ಈಗ ತೃಪ್ತಿಯಾಯ್ತಾ?" ಎಂದರು ಅತ್ತೆ. "ಕಳ್ಳ ಅಂತ ಬಾಯಿಬಿಟ್ಟು ಹೇಳೋದೊಂದು ಬಾಕಿ ಇತ್ತು."

"ನಾನು ಹಾಗೆ ಹೇಳಿದ್ನಾ?"

"ಹೇಳಿದ್ರೆ ಉತ್ತರ ಕೊಡಬಹುದಿತ್ತು. ನೀನು ಹೇಳದೆ ಹೇಳ್ತೀಯ."

"ಅತ್ತೆ, ಇನ್ನು ಹದಿಮೂರು ದಿನ ಉಳಿದಿದೆ. ಅದರಲ್ಲಿ ಹತ್ತು ದಿನ ಅದು ಶುದ್ಧ ಇರಬೇಕು. ಇನ್ನೊಂದು ಸಲ ತೊಳೆಯೋಕೆ ಮಾತ್ರ ಹೊತ್ತಿದೆ. ಒಂಬತ್ತು ವರ್ಷದ ಕೆಲಸ ಅದು. ನಿಮಗೆಲ್ಲ ಹೇಗೆ ಅರ್ಥ ಮಾಡಿಸಲಿ?" ಅವಳು ಅಳಲಿಲ್ಲ; ಅಳುವಷ್ಟು ಶಕ್ತಿಯೂ ಉಳಿದಿರಲಿಲ್ಲ.

ಗಂಡ ಇಬ್ಬರ ಮುಖವನ್ನೂ ನೋಡಿ, ಅಪ್ಪ ಬಿಟ್ಟ ತಟ್ಟೆಯನ್ನು ಮುಚ್ಚಿಟ್ಟ.

ಮೂರನೆಯ ಸಲ ರಿಪೇರಿಯವಳೂ ಸಿಟ್ಟಾದಳು. "ನನ್ನ ಹೆಸರು ಕೆಡ್ತಿದೆ. ನಾನು ತೊಳೆದದ್ದು ಮೂರು ದಿನಕ್ಕೆ ಕೊಳೆಯಾಗೋದು ಅಂದ್ರೇನು? ಈ ಸಲ ಎರಡೇ ದಿನದಲ್ಲಿ ತೊಳೆದು ನಾನೇ ಮನೆಗೆ ತಂದು ಕೊಡ್ತೀನಿ. ನೀವು ದಿನಾ ಹೇಗೆ ಕೆಲಸ ಶುರು ಮಾಡ್ತೀರೋ ಹಾಗೇ ನನ್ನ ಕಣ್ಣ ಮುಂದೆ ಶುರು ಮಾಡಿ."

ಹತ್ತೊಂಬತ್ತನೆಯ ದಿನ ಬೆಳಗ್ಗೆ ಬಂದಳು. ಕೋಣೆಯಲ್ಲಿ ಒಂದು ಸ್ಟೂಲ್ ಹಾಕಿಕೊಂಡು, ಕೈಕಟ್ಟಿ ಕೂತಳು. ಬಾಗಿಲಲ್ಲಿ ಗಂಡ, ಅವನ ಹಿಂದೆ ವಕೀಲಮ್ಮ. ನಡುಮನೆಯಲ್ಲಿ ಅತ್ತೆ ಸೊಪ್ಪು ಸೋಸುತ್ತಿದ್ದರು. ಮಾವ ಹೊರಗೆ ಹೊರಟವರು, ಚಪ್ಪಲಿ ಮೆಟ್ಟಿದವರು, ಅಲ್ಲೇ ನಿಂತರು.

ಸೊಸೆ ಕಂಪ್ಯೂಟರ್ ಹಾಕಿದಳು. ತನ್ನ ಹೊಸ ಪಾಸ್‌ವರ್ಡ್ ಒತ್ತಿದಳು. ಬಗ್ಗಿ ಪೆಡಲಿನ ವಯರ್ ಜೋಡಿಸಿದಳು. ಮೇಜಿನ ಖಾನೆ ಎಳೆದು, ಬಿಸ್ಕತ್ತಿನ ಡಬ್ಬಿ ತೆಗೆದು, ಅದರೊಳಗಿಂದ ಒಂದು ಪೆನ್ ಡ್ರೈವ್ ತೆಗೆದಳು.

"ಅದೇನು?"

"ಇದಾ? ಏನಿಲ್ಲ, ಪೆಡಲಿನ ಪ್ರೋಗ್ರಾಂ. ಇದನ್ನ ಹಾಕದಿದ್ರೆ ಪೆಡಲ್ ಕೆಲಸ ಮಾಡಲ್ಲ. ನೀವು ತೊಳೆದಾಗೆಲ್ಲ ಇದೂ ಹೋಗ್ಬಿಡುತ್ತೆ ನೋಡಿ, ಮೊದಲು ಇದನ್ನ..."

"ನಿಲ್ಲಿಸಿ. ಚುಚ್ಚಬೇಡಿ."

ಪೆನ್ ಡ್ರೈವ್ ಹಿಡಿದ ಕೈ ಹಾಗೇ ನಿಂತಿತು.

"ಆಸ್ಪತ್ರೆಯವರು ಕೊಟ್ಟದ್ದಾ?"

"ಅವರದು ಎರಡು ತಿಂಗಳ ಹಿಂದೆ ಕೆಟ್ಟುಹೋಯ್ತು. ಹೊಸದು ಕಳಿಸೋಕೆ ಮೂರು ವಾರ ಅಂದ್ರು. ಅಷ್ಟು ದಿನ ಕೆಲಸ ನಿಲ್ಲಿಸೋಕಾಗುತ್ತಾ? ಹುಡುಕಿದೆ, ಒಂದು ಕಡೆ ಬಿಟ್ಟಿ ಸಿಕ್ತು. ಚೆನ್ನಾಗಿ ಕೆಲಸ ಮಾಡ್ತು, ಅದಕ್ಕೇ ಎತ್ತಿಟ್ಕೊಂಡೆ. ಇದು ನನ್ನ ಕೆಲಸದ ಸಾಮಾನು, ಬೇರೆ ಯಾರೂ ಮುಟ್ಟಿಲ್ಲ."

ತಾನು ಏನು ಹೇಳಿದೆನೆಂದು ಕೊನೆಯ ಮಾತು ಬಾಯಿಂದ ಹೊರಬಿದ್ದ ಮೇಲೆ ಅವಳಿಗೆ ಕೇಳಿಸಿತು.

ರಿಪೇರಿಯವಳು ಪೆನ್ ಡ್ರೈವನ್ನು ತನ್ನ ಚೀಲದಲ್ಲಿದ್ದ ಬೇರೊಂದು ಸಣ್ಣ ಯಂತ್ರಕ್ಕೆ ಹಾಕಿ ನೋಡಿದಳು. ಹೆಚ್ಚು ಹೊತ್ತೇನೂ ಬೇಕಾಗಲಿಲ್ಲ. "ಇದರೊಳಗೇ ಇದೆ," ಎಂದಳು ಮೆಲ್ಲಗೆ. "ಮೊದಲಿಂದ ಇದೇ. ಒಳಗೆ ಹೋಗಿ ಎರಡು ದಿನ ಅಡಗಿದ್ದು ಆಮೇಲೆ ತಲೆ ಎತ್ತುತ್ತೆ. ನಾನು ತೊಳೀತಿದ್ದೆ, ನೀವು ಮತ್ತೆ ಸುರೀತಿದ್ರಿ."

ವಕೀಲಮ್ಮ ಬಾಯಿ ತೆರೆದಳು. ಅಪ್ಪ ಅವಳ ಭುಜ ಒತ್ತಿದ. ನಡುಮನೆಯಲ್ಲಿ ಸೊಪ್ಪು ಸೋಸುವ ಸದ್ದು ನಿಂತಿತ್ತು. ಸೊಸೆ ಎದ್ದು ನಡುಮನೆಗೆ ಬಂದು, ಚಪ್ಪಲಿ ಮೆಟ್ಟಿ ನಿಂತಿದ್ದ ಮಾವನ ಎದುರು ನಿಂತಳು.

"ಮಾವ..."

"ಕೇಳಿಸ್ತು."

"ನಾನು ನಿಮ್ಮನ್ನ..."

"ಹೂಂ," ಎಂದರು ಮಾವ. "ನೋವಾಗಿತ್ತು. ಇಲ್ಲ ಅಂದ್ರೆ ಸುಳ್ಳಾಗುತ್ತೆ," ಎಂದು, ಚಪ್ಪಲಿ ಬಿಟ್ಟು ಒಳಗೆ ಬಂದು ಕೂತರು.

ಈ ಸಲ ಮೂಲೆ ಹಸಿರಾಗಿಯೇ ಉಳಿಯಿತು. ಐದು ದಿನವಾಯಿತು, ಏಳು ದಿನವಾಯಿತು. ಅಧ್ಯಾಪಕರ ಪಾಠವನ್ನು ಸೊಸೆ ಪೆಡಲಿಲ್ಲದೆ, ಪ್ರತಿ ಸಾಲಿಗೂ ಕೈಯಿಂದ ನಿಲ್ಲಿಸಿ, ಓಡಿಸಿ, ಎರಡರಷ್ಟು ಹೊತ್ತು ತೆಗೆದುಕೊಂಡು ಮುಗಿಸಿದಳು. ರಿಪೇರಿಯವಳ ಕಾಗದಕ್ಕೆ ಇನ್ನು ಮೂರೇ ದಿನ. ಅದರ ಜೊತೆ ಕೊಡಬೇಕಾದ ಇನ್ನೊಂದು ಕಾಗದ ಖಾನೆಯಲ್ಲಿತ್ತು. ಅದನ್ನು ಅವಳು ಎರಡನೆಯ ವಾರವೇ ಬರೆದಿಟ್ಟಿದ್ದಳು: ಮನೆಯ ಹಿರಿಯರೊಬ್ಬರು ಆಡುತ್ತಿದ್ದ ಆಟದ ಪುಟದಿಂದ ಬಂದಿರುತ್ತದೆ, ಈಗ ಕಂಪ್ಯೂಟರನ್ನು ಬೀಗದ ಕೋಣೆಯಲ್ಲಿ ಇರಿಸಲಾಗಿದೆ. ಸಹಿಯೊಂದು ಬಾಕಿ.

ಆ ಕಾಗದದ ವಿಷಯ ರಾತ್ರಿ ಊಟಕ್ಕೆ ಕೂತಾಗ ಮಾವನೇ ತೆಗೆದರು.

"ಅದು ಹಾಗೇ ಇರಲಿ ಬಿಡಮ್ಮ. ನೀನೇ ಹಾಕಿದ್ದು ಅಂದ್ರೆ ನಿಯಮ ಬೇರೆ ಅಂದ್ಯಲ್ಲ. ನನ್ನ ಹೆಸರಲ್ಲೇ ಇರಲಿ. ನನಗೆ ಎಪ್ಪತ್ತಮೂರು. ನನ್ನನ್ನ ಯಾವ ಕೆಲಸದಿಂದ ತೆಗೀತಾರೆ?"

"ಇರಲಿ ಅಂತೆ!" ಅತ್ತೆ ಸೌಟನ್ನು ಪಾತ್ರೆಯೊಳಗೆ ಬಿಟ್ಟರು. "ಮಾಡದ ತಪ್ಪಿಗೆ ಅಷ್ಟು ದಿನ ಬಸ್ ನಿಲ್ದಾಣದಲ್ಲಿ ಕೂತು ಬಂದದ್ದು ಸಾಲದಾ?"

"ಅಮ್ಮ, ಒಂದು ಸಾಲು ಅಷ್ಟೇ," ಎಂದ ಮಗ. "ಆ ಕಾಗದ ಯಾರು ಓದ್ತಾರೆ? ಒಂದು ಕಡತಕ್ಕೆ ಸೇರುತ್ತೆ. ಅಪ್ಪನೇ ಒಪ್ಪಿರುವಾಗ ಯಾರಿಗೆ ನಷ್ಟ?"

"ಒಪ್ಪಿದ್ರೂ ಸುಳ್ಳು ಸಾಕ್ಷಿ ಸುಳ್ಳು ಸಾಕ್ಷೀನೇ," ಎಂದಳು ವಕೀಲಮ್ಮ.

"ನಿನ್ನ ಫೀಸು ಯಾರು ಕೊಡ್ತಾರೆ, ವಕೀಲಮ್ಮ? ಆ ಕಾಗದವೇ ಕೊಡೋದು," ಎಂದ ಅಪ್ಪ, ತಮಾಷೆಯಲ್ಲದ ದನಿಯಲ್ಲಿ.

ಸೊಸೆ ಎಲ್ಲರ ತಟ್ಟೆ ಎತ್ತಿ, ಮೇಜು ಒರೆಸಿದಳು. ಮನುಷ್ಯನ ಕೈಯನ್ನು ಯಾವ ಹೊತ್ತಿನಲ್ಲಿ ಯಾರು ಹಿಡಿದು ನಡೆಸುತ್ತಾರೆಂದು ಹೇಳಲು ನಾವು ಯಾರು? ಮಾರನೆಯ ಬೆಳಗ್ಗೆ, ಹಾಲು ಕಾಯುವಷ್ಟು ಹೊತ್ತಿನಲ್ಲಿ, ಒಲೆಯ ಪಕ್ಕ ನಿಂತುಕೊಂಡೇ ಅವಳು ಬೇರೆ ಕಾಗದ ಬರೆದಳು.

ಮೂವತ್ತನೆಯ ದಿನ ಮೇಲ್ವಿಚಾರಕಿಯ ಎದುರು ಎರಡೂ ಕಾಗದ ಇಟ್ಟಳು. ಮೊದಲನೆಯದನ್ನು ಮೇಲ್ವಿಚಾರಕಿ ಬೇಗ ಓದಿದಳು. ಎರಡನೆಯದನ್ನು ಓದಿ, ಕನ್ನಡಕ ತೆಗೆದಳು.

"ನಿಮ್ಮ ಮಾವ ಅಂತ ಹೇಳಿದ್ರಲ್ಲ?"

"ಆಗ ಹಾಗಂತ ತಿಳಿದಿದ್ದೆ. ತಪ್ಪಾಗಿ ತಿಳಿದಿದ್ದೆ."

"ಇದನ್ನ ನಾನು ತಗೊಂಡ್ರೆ ಏನಾಗುತ್ತೆ ಗೊತ್ತಾ? ಮೂರು ತಿಂಗಳು ಕೆಲಸ ಇಲ್ಲ. ಆಮೇಲೂ ಹೊಸದಾಗಿ ಅರ್ಜಿ, ಹೊಸದಾಗಿ ಪರೀಕ್ಷೆ. ಒಂಬತ್ತು ವರ್ಷದ ಹಿರಿತನ ಹೋಗುತ್ತೆ." ಅವಳು ಕಾಗದವನ್ನು ಮೇಜಿನ ಮೇಲೆ ಎರಡು ಬೆರಳಷ್ಟು ಸೊಸೆಯ ಕಡೆಗೆ ಸರಿಸಿದಳು. "ಗಡುವು ಸಂಜೆ ಐದರ ತನಕ ಇದೆ. ಬೇರೆ ಬರೆದು ತರೋದಿದ್ರೆ ಈಗಲೂ ತರಬಹುದು."

"ಇದೇ ಇರಲಿ ಮೇಡಂ. ಆ ಪ್ರೋಗ್ರಾಂ ಸಿಕ್ಕಿದ ಪುಟದ ಹೆಸರೂ ಬರೆದಿದೀನಿ. ಪೆಡಲ್ ಕೆಟ್ಟು ಅದನ್ನ ಹಾಕಿಕೊಂಡವರು ನಾನೊಬ್ಬಳೇ ಇರಲ್ಲ."

ಮೇಲ್ವಿಚಾರಕಿ ಆ ಸಾಲನ್ನು ಮತ್ತೊಮ್ಮೆ ನೋಡಿದಳು. ಮುದ್ರೆ ಒತ್ತಿ, ಒಂದು ಪ್ರತಿಯನ್ನು ಕೊಟ್ಟಳು. ಮೆಟ್ಟಿಲ ತನಕ ಬಂದು, "ಪರೀಕ್ಷೆ ಕಷ್ಟವೇನಿಲ್ಲ, ನೀವು ಪಾಸಾಗ್ತೀರಿ," ಎಂದಳು.

ಮನೆಗೆ ಬಂದಾಗ ಗಂಡ ಪಾಳಿಗೆ ಹೊರಡಲು ಊಟಕ್ಕೆ ಕೂತಿದ್ದ. ಮಾವ ಪಕ್ಕದಲ್ಲಿದ್ದರು. ಅತ್ತೆ ಅಡುಗೆಮನೆಯಲ್ಲಿ ನಲ್ಲಿ ಬಿಟ್ಟು ಪಾತ್ರೆ ತೊಳೆಯುತ್ತಿದ್ದರು.

"ಏನಾಯ್ತು?" ಎಂದ ಗಂಡ.

"ಮೂರು ತಿಂಗಳು ಇಲ್ಲ. ಆಮೇಲೆ ಮೊದಲಿಂದ."

ಅವನು ತಟ್ಟೆಯ ಅಂಚಿನಲ್ಲಿ ಬೆರಳಾಡಿಸಿದ. "ಹೆಚ್ಚಿನ ಪಾಳಿ ಕೇಳಿ ನೋಡ್ತೀನಿ," ಎಂದ. "ಏನು ಬರೆದೆ ಅದರಲ್ಲಿ? ಓದು, ಕೇಳೋಣ."

ಅವಳು ಚೀಲದಿಂದ ಪ್ರತಿ ತೆಗೆದು, ನಿಂತುಕೊಂಡೇ ಓದಿದಳು. ಡಾಕ್ಟರುಗಳ ಮಾತನ್ನು ಟೈಪ್ ಮಾಡಿ ಮಾಡಿ ಬಂದ ಅಭ್ಯಾಸ, ಒಂದು ಪದವನ್ನೂ ನುಂಗಲಿಲ್ಲ. ಕಾರ್ಯಾಲಯದ ಅನುಮತಿಯಿಲ್ಲದೆ ಹೊರಗಿನ ಪ್ರೋಗ್ರಾಂ ಹಾಕಿಕೊಂಡವಳು ನಾನು. ಎರಡು ಸಲ ಶುದ್ಧಗೊಳಿಸಿದ ಮೇಲೂ ಅದನ್ನು ಮತ್ತೆ ಹಾಕಿದವಳೂ ನಾನೇ. ಇದಕ್ಕೆ ಮೊದಲು ನಾನು ನಮ್ಮ ಮಾವನವರ ಹೆಸರು ಹೇಳಿದ್ದೆ. ಅವರು ಏನೂ ಮಾಡಿಲ್ಲ.

ಓದಿ ಮುಗಿಸಿ ಕಾಗದ ಮಡಚಿದಳು. ಮಾವ ಕಿಟಕಿಯ ಹೊರಗೆ ನೋಡುತ್ತಿದ್ದರು. ಅಡುಗೆಮನೆಯಲ್ಲಿ ನಲ್ಲಿ ನಿಂತಿತು. ಅತ್ತೆ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದರು.

"ನೀರಿನ ಸದ್ದಿಗೆ ಸರಿಯಾಗಿ ಕೇಳಿಸಲಿಲ್ಲಮ್ಮ," ಎಂದರು. "ಇನ್ನೊಂದು ಸಲ ಓದು."

ಸೊಸೆ ಮಡಿಕೆ ಬಿಡಿಸಿ, ಮೊದಲ ಸಾಲಿನಿಂದ ಶುರು ಮಾಡಿದಳು. ಈ ಸಲ ಸ್ವಲ್ಪ ಗಟ್ಟಿಯಾಗಿ.